ಹೃದ್ರೋಗ: ಚಿಕಿತ್ಸೆ ಮತ್ತು ನಮ್ಮ ದಿನಚರಿ

"ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ" ಎಂಬ ಗಾದೆ ನಮಗೆಲ್ಲ ಬಾಯಿಪಾಠ. ಆದರೂ ಊಟ ಬಲ್ಲೆವೆಂದುಕೊಂಡ ನಮ್ಮ ಮನೆಗಳಿಗೇ ಹೃದ್ರೋಗ ಬೇಗ ಬಂದು ಬಾಗಿಲು ತಟ್ಟುತ್ತಿದೆ.

ಕೆಲವು ವರ್ಷಗಳ ಹಿಂದೆ, ಗಣೇಶನ ಹಬ್ಬದ ರಾತ್ರಿ, ಊರಿನಿಂದ ಬಂದಿದ್ದ ನಮ್ಮ ಮಾವನವರಿಗೆ ಎದೆ ಹಿಡಿದಂತಾಯಿತು. "ಕಡುಬು ಎರಡು ಹೆಚ್ಚಾಯ್ತು, ಗ್ಯಾಸ್ ಇರ್ಬೇಕು, ನೀವು ಮಲ್ಕೊಳ್ಳಿ" ಎಂದರು. ನಾವೂ ಓಮದ ಕಷಾಯ ಮಾಡಿಕೊಟ್ಟು ಕುಳಿತೆವು. ನಿಜ ಹೇಳಬೇಕೆಂದರೆ, ಅವರ ಪ್ರವಾಸಿ ವಿಮೆ ಎಷ್ಟು ಖರ್ಚು ಭರಿಸೀತು ಎಂಬ ಅಳುಕೂ ಮನಸ್ಸಿನಲ್ಲಿತ್ತು. ಕೊನೆಗೆ ಮೈಯೆಲ್ಲ ಬೆವರಿ ನೀರಾದಾಗ 911ಕ್ಕೆ ಕರೆ ಮಾಡಿದೆವು. ಅಷ್ಟರಲ್ಲಿ ಮೂರು ಗಂಟೆ ಕಳೆದಿತ್ತು. ಸ್ಟೆಂಟ್ ಹಾಕಿದರು, ಜೀವ ಉಳಿಯಿತು. ಆದರೆ ಹೃದಯದ ಸ್ನಾಯುವಿನ ಒಂದು ಭಾಗ ಸತ್ತುಹೋಗಿತ್ತು. ಊರಿಗೆ ಮರಳಿದ ಮೇಲೆ ಅವರಿಗೆ ಮೊದಲಿನಂತೆ ತೋಟ ಸುತ್ತಲು ಆಗಲೇ ಇಲ್ಲ. ಆ ಮೂರು ಗಂಟೆಗಳನ್ನು ಇನ್ನಾರೂ ಕಳೆದುಕೊಳ್ಳದಿರಲಿ ಎಂದೇ ಈ ಲೇಖನ.

ಹೃದಯಾಘಾತ ಎಂದರೇನು?

ದೇಹಕ್ಕೆಲ್ಲ ರಕ್ತ ಹಂಚುವ ಹೃದಯಕ್ಕೂ ರಕ್ತ ಬೇಕು. ಅದನ್ನು ಒದಗಿಸುವುದು ಹೃದಯದ ಮೇಲೆಯೇ ಹಬ್ಬಿರುವ ಕರೋನರಿ ರಕ್ತನಾಳಗಳು. ವರ್ಷಗಟ್ಟಲೆ ಇವುಗಳ ಗೋಡೆಯೊಳಗೆ ಕೊಲೆಸ್ಟರಾಲ್ ಸೇರಿಕೊಂಡು ಗಡ್ಡೆಯಂತಾಗುತ್ತದೆ. ಒಂದು ದಿನ ಆ ಗಡ್ಡೆಯ ಮೇಲ್ಪದರ ಬಿರುಕು ಬಿಟ್ಟರೆ, ಗಾಯವಾಯಿತೆಂದು ಅಲ್ಲಿ ರಕ್ತ ಹೆಪ್ಪುಗಟ್ಟಿ ನಾಳ ಮುಚ್ಚಿಹೋಗುತ್ತದೆ. ಅದರಾಚೆಯ ಸ್ನಾಯು ಸಾಯತೊಡಗುತ್ತದೆ. ಇದೇ ಹೃದಯಾಘಾತ. ದೊಡ್ಡ ಗಡ್ಡೆಯೇ ಬಿರಿಯಬೇಕೆಂದಿಲ್ಲ, ಅರ್ಧ ನಾಳವನ್ನೂ ಮುಚ್ಚದ ಗಡ್ಡೆಯೂ ಬಿರಿಯಬಹುದು. ಆದ್ದರಿಂದಲೇ ನಿನ್ನೆಯವರೆಗೆ ಆರೋಗ್ಯವಾಗಿ ಓಡಾಡಿಕೊಂಡಿದ್ದವರು ಇಂದು ಇದ್ದಕ್ಕಿದ್ದಂತೆ ಕುಸಿಯುವುದುಂಟು.

ನಮಗೇಕೆ ಬೇಗ?

2004ರಲ್ಲಿ ಪ್ರಕಟವಾದ 'ಇಂಟರ್‌ಹಾರ್ಟ್' ಅಧ್ಯಯನ 52 ದೇಶಗಳಲ್ಲಿ ನಡೆದಿತ್ತು. ಮೊದಲ ಹೃದಯಾಘಾತದ ಅಪಾಯದಲ್ಲಿ ಸುಮಾರು 90 ಪಾಲು ಕೇವಲ ಒಂಬತ್ತು ಅಂಶಗಳಿಗೆ ಸಂಬಂಧಿಸಿದ್ದು ಎಂದು ಅದು ತೋರಿಸಿತು. ಧೂಮಪಾನ, ಕೆಟ್ಟ ಕೊಲೆಸ್ಟರಾಲ್, ರಕ್ತದೊತ್ತಡ, ಸಕ್ಕರೆ ಕಾಯಿಲೆ, ಹೊಟ್ಟೆಯ ಬೊಜ್ಜು, ಮಾನಸಿಕ ಒತ್ತಡ, ಹಣ್ಣು-ತರಕಾರಿಯ ಕೊರತೆ, ವ್ಯಾಯಾಮವಿಲ್ಲದಿರುವುದು ಇವುಗಳಲ್ಲಿ ಮುಖ್ಯವಾದವು. ಗಮನಿಸಿ, ಇವುಗಳಲ್ಲಿ ಹೆಚ್ಚಿನವು ನಮ್ಮ ಕೈಯಲ್ಲೇ ಇವೆ. ಅದೇ ಅಧ್ಯಯನದ ಪ್ರಕಾರ ದಕ್ಷಿಣ ಏಷ್ಯಾದವರಿಗೆ ಮೊದಲ ಆಘಾತ ಆದದ್ದು ಸುಮಾರು 53ನೇ ವಯಸ್ಸಿನಲ್ಲಿ. ಉಳಿದ ದೇಶದವರಿಗಿಂತ ಐದಾರು ವರ್ಷ ಮೊದಲು! 2021ರ ಅಕ್ಟೋಬರ್‌ನಲ್ಲಿ ನಟ ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿಗೇ ನಮ್ಮನ್ನಗಲಿದಾಗ ಈ ಭಯ ಪ್ರತಿ ಕನ್ನಡಿಗರ ಮನೆಗೂ ತಟ್ಟಿತು.

ಅಮೆರಿಕದ ಹೃದ್ರೋಗ ತಜ್ಞರ 2018ರ ಕೊಲೆಸ್ಟರಾಲ್ ಮಾರ್ಗಸೂಚಿಯೂ ದಕ್ಷಿಣ ಏಷ್ಯಾ ಮೂಲವನ್ನೇ ಅಪಾಯ ಹೆಚ್ಚಿಸುವ ಅಂಶಗಳಲ್ಲಿ ಒಂದೆಂದು ಪರಿಗಣಿಸಿದೆ. ನೋಡಲು ತೆಳ್ಳಗಿದ್ದರೂ ಹೊಟ್ಟೆಯ ಸುತ್ತ ಕೊಬ್ಬು ಸೇರುವುದು ನಮ್ಮವರಲ್ಲಿ ಸಾಮಾನ್ಯ. ಗಂಡಸರ ಸೊಂಟದ ಸುತ್ತಳತೆ 90 ಸೆಂ.ಮೀ. ಮತ್ತು ಹೆಂಗಸರದು 80 ಸೆಂ.ಮೀ. ತಲುಪಿದರೆ ಎಚ್ಚರ ವಹಿಸಬೇಕು.

ಚಿಕಿತ್ಸೆಗಳು

ಸಣ್ಣ ಬಲೂನಿನಿಂದ ಮುಚ್ಚಿದ ನಾಳವನ್ನು ಹಿಗ್ಗಿಸುವ ಆಂಜಿಯೋಪ್ಲಾಸ್ಟಿಯನ್ನು 1977ರಲ್ಲಿ ಜ್ಯೂರಿಕ್‌ನಲ್ಲಿ ಡಾ. ಆಂಡ್ರಿಯಾಸ್ ಗ್ರುಂಟ್‌ಸಿಗ್ ಮೊದಲು ಮಾಡಿದರು. ಈಗ ಅದರ ಜೊತೆಗೆ ಸ್ಟೆಂಟ್ ಎಂಬ ಲೋಹದ ಜಾಲರಿಯನ್ನೂ ಕೂರಿಸುತ್ತಾರೆ. ಹಲವು ನಾಳಗಳು ಕಟ್ಟಿದ್ದರೆ, ಕಾಲಿನ ಅಥವಾ ಎದೆಯ ಬೇರೆ ರಕ್ತನಾಳವನ್ನು ಜೋಡಿಸಿ ರಕ್ತಕ್ಕೆ ಬಳಸುದಾರಿ ಮಾಡಿಕೊಡುವುದೇ ಬೈಪಾಸ್. 1967ರಲ್ಲಿ ಕ್ಲೀವ್‌ಲ್ಯಾಂಡ್‌ನಲ್ಲಿ ಡಾ. ರೆನೆ ಫವಲೋರೋ ಕಾಲಿನ ರಕ್ತನಾಳ ಬಳಸಿ ಮಾಡಿದ ಶಸ್ತ್ರಚಿಕಿತ್ಸೆಗಳು ಇದಕ್ಕೆ ದಾರಿ ತೋರಿದವು.

ಹೃದಯಾಘಾತವಾಗುತ್ತಿರುವಾಗ ತಕ್ಷಣ ಸ್ಟೆಂಟ್ ಹಾಕುವುದು ಜೀವ ಉಳಿಸುತ್ತದೆ. ಆದರೆ ಸ್ಥಿರವಾಗಿರುವ ರೋಗದ ಮಾತು ಬೇರೆ. 2007ರ 'ಕರೇಜ್' ಮತ್ತು 2020ರಲ್ಲಿ ಪ್ರಕಟವಾದ 'ಇಸ್ಕೀಮಿಯಾ' ಅಧ್ಯಯನಗಳಲ್ಲಿ, ಅಂಥ ರೋಗಿಗಳು ಸರಿಯಾದ ಔಷಧಿ ತೆಗೆದುಕೊಳ್ಳುತ್ತಿದ್ದಾಗ ಅದರ ಮೇಲೆ ಸ್ಟೆಂಟ್ ಮುಂತಾದವುಗಳಿಂದ ಸಾವಿನ ಪ್ರಮಾಣ ತಗ್ಗಲಿಲ್ಲ. ಎದೆನೋವು ಕಡಿಮೆಯಾಗುವ ಲಾಭ ಮಾತ್ರ ಇತ್ತು. ಸ್ಟೆಂಟ್ ಒಂದು ಜಾಗವನ್ನು ತೆರೆಯುತ್ತದೆ, ರೋಗವಿರುವುದು ನಾಳಗಳ ಉದ್ದಕ್ಕೂ. ಹಾಗಾಗಿ "ಸ್ಟೆಂಟ್ ಆಯ್ತಲ್ಲ, ಇನ್ನೇನು ಭಯ" ಎನ್ನುವಂತಿಲ್ಲ. ಸ್ಟಾಟಿನ್, ಆಸ್ಪಿರಿನ್, ಬಿ.ಪಿ. ಮಾತ್ರೆಗಳು ಬಿರಿಯಬಹುದಾದ ಗಡ್ಡೆಗಳಿಗೂ ಹೆಪ್ಪುಗಟ್ಟುವ ರಕ್ತಕ್ಕೂ ಕಡಿವಾಣ ಹಾಕುತ್ತವೆ. ಏಕಾದಶಿಯ ಉಪವಾಸವೆಂದೋ, ಊರಿಗೆ ಹೊರಟಿದ್ದೇವೆಂದೋ ಇವನ್ನು ತಾವಾಗಿಯೇ ನಿಲ್ಲಿಸಬಾರದು. ಅದರಲ್ಲೂ ಸ್ಟೆಂಟ್ ಹಾಕಿದ ಮೊದಲ ತಿಂಗಳುಗಳಲ್ಲಿ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ ಬಿಡುವುದು ಪ್ರಾಣಕ್ಕೇ ಅಪಾಯ.

ಊಟ, ಓಡಾಟ, ನೆಮ್ಮದಿ

"ನಾವು ಸಸ್ಯಾಹಾರಿಗಳು, ನಮಗೇನು?" ಎನ್ನುವವರುಂಟು. ಬೋಂಡ, ಪೂರಿ, ಮೈಸೂರುಪಾಕು, ಎರಡು ಸಲ ಬಡಿಸಿಕೊಂಡ ಬಿಳಿ ಅನ್ನ ಎಲ್ಲವೂ ಸಸ್ಯಾಹಾರವೇ! ಹಬ್ಬದ ದಿನ ತಿನ್ನುವುದು ತಪ್ಪಲ್ಲ, ಪ್ರತಿ ವಾರಾಂತ್ಯವೂ ಹಬ್ಬವಾದರೆ ಕಷ್ಟ. ತುಪ್ಪ ಮತ್ತು ಕೊಬ್ಬರಿ ಎಣ್ಣೆಯಲ್ಲಿ ಸ್ಯಾಚುರೇಟೆಡ್ ಕೊಬ್ಬು ಹೆಚ್ಚು, ಮಿತಿಯಲ್ಲಿರಲಿ. ಅನ್ನದ ಪ್ರಮಾಣ ತಗ್ಗಿಸಿ ಕೋಸಂಬರಿ, ಸೊಪ್ಪಿನ ಹುಳಿ, ಹುರುಳಿಕಾಳು, ಪಲ್ಯಗಳ ಪಾಲು ಹೆಚ್ಚಿಸೋಣ. ಉಪ್ಪು ದಿನಕ್ಕೆ 5 ಗ್ರಾಂ ಮೀರಬಾರದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಉಪ್ಪಿನಕಾಯಿ, ಹಪ್ಪಳ, ಚಟ್ನಿಪುಡಿಗಳೂ ಈ ಲೆಕ್ಕಕ್ಕೆ ಸೇರುತ್ತವೆ.

ಇಲ್ಲಿ ಮನೆಯಿಂದ ಕಾರು, ಕಾರಿನಿಂದ ಕುರ್ಚಿ, ಕುರ್ಚಿಯಿಂದ ಸೋಫಾ ಎಂಬಂತಾಗಿದೆ ನಮ್ಮ ಬದುಕು. ವಾರಕ್ಕೆ 150 ನಿಮಿಷ, ಅಂದರೆ ಐದು ದಿನ ಅರ್ಧ ಗಂಟೆ, ಚುರುಕಾಗಿ ನಡೆದರೂ ಸಾಕು. ಸಿಗರೇಟು ಬಿಟ್ಟವರ ಅಪಾಯ ಒಂದೆರಡು ವರ್ಷಗಳಲ್ಲೇ ಗಣನೀಯವಾಗಿ ಇಳಿಯುತ್ತದೆ. 1990ರಲ್ಲಿ ಡಾ. ಡೀನ್ ಆರ್ನಿಶ್ ಅವರ ಸಣ್ಣ ಅಧ್ಯಯನವೊಂದರಲ್ಲಿ, ಬಹಳ ಕಡಿಮೆ ಕೊಬ್ಬಿನ ಸಸ್ಯಾಹಾರ, ನಡಿಗೆ, ಯೋಗ-ಧ್ಯಾನಗಳನ್ನು ಒಂದು ವರ್ಷ ಪಾಲಿಸಿದವರ ನಾಳಗಳ ಅಡೆತಡೆ ಸ್ವಲ್ಪ ಇಳಿದದ್ದು ಕಂಡುಬಂತು. ಇದು ಆಶಾದಾಯಕ ಸಂಗತಿ, ಆದರೆ ಮಾತ್ರೆ ಬಿಡಲು ಪರವಾನಗಿಯಲ್ಲ.

ಆ ಹೊತ್ತಿನಲ್ಲಿ ಏನು ಮಾಡಬೇಕು?

ಎದೆಯಲ್ಲಿ ಭಾರ, ಬಿಗಿತ ಅಥವಾ ಉರಿ, ಎಡಗೈ, ದವಡೆ ಅಥವಾ ಬೆನ್ನಿಗೆ ಹರಡುವ ನೋವು, ಏದುಸಿರು, ತಣ್ಣನೆಯ ಬೆವರು, ವಾಕರಿಕೆ ಇವು ಸೂಚನೆಗಳು. ಹೆಂಗಸರಲ್ಲಿ ಮತ್ತು ಸಕ್ಕರೆ ಕಾಯಿಲೆಯವರಲ್ಲಿ ಎದೆನೋವೇ ಇಲ್ಲದೆ ಬರೀ ಸುಸ್ತು, ಉಸಿರಾಟದ ಕಷ್ಟ ಕಾಣಿಸಬಹುದು. ಕೂಡಲೇ 911ಕ್ಕೆ ಕರೆ ಮಾಡಿ. ನೀವೇ ಕಾರು ಓಡಿಸಬೇಡಿ. ಆಂಬುಲೆನ್ಸಿನಲ್ಲೇ ಇ.ಸಿ.ಜಿ. ತೆಗೆದು ಆಸ್ಪತ್ರೆಗೆ ಮುಂಚಿತವಾಗಿ ತಿಳಿಸಬಲ್ಲರು. ಅಲರ್ಜಿ ಅಥವಾ ರಕ್ತಸ್ರಾವದ ತೊಂದರೆ ಇಲ್ಲದಿದ್ದರೆ, 911ರವರು ಹೇಳಿದಂತೆ ಆಸ್ಪಿರಿನ್ ಅಗಿದು ನುಂಗಬಹುದು.

ಇನ್ನು ಖರ್ಚಿನ ಅಳುಕು. ಅಮೆರಿಕದ 1986ರ ಕಾನೂನಿನಂತೆ ತುರ್ತು ವಿಭಾಗಕ್ಕೆ ಬಂದವರನ್ನು, ವಿಮೆ ಇರಲಿ ಇಲ್ಲದಿರಲಿ, ಪರೀಕ್ಷಿಸಿ ಸ್ಥಿತಿ ಸುಧಾರಿಸುವಂತೆ ನೋಡಿಕೊಳ್ಳಲೇಬೇಕು. ಬಿಲ್ಲು ಬರುತ್ತದೆ, ನಿಜ. ಆದರೆ ಬಿಲ್ಲಿನ ಬಗ್ಗೆ ಆಮೇಲೆ ಮಾತಾಡಬಹುದು, ಸತ್ತ ಸ್ನಾಯುವನ್ನು ಮರಳಿ ತರಲಾಗದು. ತಂದೆತಾಯಿ ಊರಿನಿಂದ ಹೊರಡುವ ಮೊದಲೇ ತಪಾಸಣೆ ಮಾಡಿಸಿ. ಮಾತ್ರೆಗಳ ಪಟ್ಟಿ ಮತ್ತು ಹಳೆಯ ಇ.ಸಿ.ಜಿ. ಪ್ರತಿ ತರಿಸಿಕೊಳ್ಳಿ. ವಿಮೆಯಲ್ಲಿ ಮೊದಲೇ ಇದ್ದ ಕಾಯಿಲೆಗಳ ಕುರಿತು ಏನಿದೆ ಎಂದು ಓದಿಕೊಳ್ಳಿ.

ಮಾವನವರು ಈಗಲೂ ಫೋನಿನಲ್ಲಿ "ಗ್ಯಾಸ್ ಅಂತ ಸುಮ್ನೆ ಕೂತ್ಕೋಬೇಡಿ" ಎಂದು ನಮಗೇ ಬುದ್ಧಿ ಹೇಳುತ್ತಾರೆ. ಈ ತ್ರೈಮಾಸಿಕದಲ್ಲಿ ಪ್ರತಿ ಮನೆಯ ದೊಡ್ಡವರೂ ಒಮ್ಮೆ ಬಿ.ಪಿ., ಸಕ್ಕರೆ, ಕೊಲೆಸ್ಟರಾಲ್ ಪರೀಕ್ಷಿಸಿಕೊಂಡು, ಮನೆಯಲ್ಲಿ ಒಬ್ಬರಾದರೂ ಸಿ.ಪಿ.ಆರ್. ಕಲಿತರೆ ನಮ್ಮ ಬರಹ ಸಾರ್ಥಕ. ಇದು ವೈದ್ಯರ ಸಲಹೆಗೆ ಬದಲಿಯಲ್ಲ, ವೈದ್ಯರ ಬಳಿ ಹೋಗಿ ಎಂಬ ಕಳಕಳಿಯ ಮನವಿ.