ಎಲುಬಿನ ತುಂಬ ಕ್ಯಾಲ್ಸಿಯಂ, ಆದರೂ ಆಕಳು ನೆಲ ಹಿಡಿದದ್ದೇಕೆ?

ಪ್ರಶ್ನೆ: ನಮ್ಮ ಜರ್ಸಿ ಆಕಳಾ ಮೂರನೇ ಸೂಲು ಈದ ಮರುದಿನ ನೆಲಾ ಹಿಡೀತು. ಕಿವಿ ತಣ್ಣಗಾಗಿದ್ದವು. ಡಾಕ್ಟ್ರು ಕ್ಯಾಲ್ಸಿಯಂ ಬಾಟ್ಲಿ ಏರಿಸಿದ್ರು, ತಾಸಿನ್ಯಾಗ ಎದ್ದು ನಿಂತಿತು. ಅಷ್ಟು ಎಲುಬಿರೋ ದನಕ್ಕ ಕ್ಯಾಲ್ಸಿಯಂ ಕಡಿಮಿ ಆಗೋದು ಹ್ಯಾಂಗ?
– ಓದುಗರೊಬ್ಬರು, ಸವದತ್ತಿ ತಾಲೂಕು

ಉತ್ತರ: ಕಡಿಮೆಯಾದದ್ದು ಎಲುಬಿನಲ್ಲಲ್ಲ, ರಕ್ತದಲ್ಲಿ. ದೊಡ್ಡ ಆಕಳಿನ ಎಲುಬುಗಳಲ್ಲಿ ಐದಾರು ಕಿಲೋ ಕ್ಯಾಲ್ಸಿಯಂ ಇರುತ್ತದೆ. ರಕ್ತದಲ್ಲಿ ಹರಿದಾಡುವುದು ಸುಮಾರು 3 ಗ್ರಾಂ ಮಾತ್ರ. ಸ್ನಾಯು, ನರಗಳು ನಡೆಯುವುದು ಆ 3 ಗ್ರಾಮಿನ ಮೇಲೆ. ಗಿಣ್ಣದ ಹಾಲಿನ ಲೆಕ್ಕ ನೋಡಿ: ಲೀಟರಿಗೆ ಸುಮಾರು 2 ಗ್ರಾಂ. ಎಂಟು ಲೀಟರ್ ಕರೆದರೆ 16 ಗ್ರಾಂ ಹೋಯಿತು, ರಕ್ತದಲ್ಲಿದ್ದುದರ ಐದು ಪಟ್ಟು!

ಇದನ್ನು ತುಂಬಿಸಿಕೊಡುವುದು ಕುತ್ತಿಗೆಯ ಪ್ಯಾರಾಥೈರಾಯ್ಡ್ ಗ್ರಂಥಿಗಳ ಹಾರ್ಮೋನು. ನಮಗೂ ಈ ಗ್ರಂಥಿಗಳಿವೆ, ಸಾಮಾನ್ಯವಾಗಿ ನಾಲ್ಕು. (ವಿಜ್ಞಾನಿಗಳು ಇವನ್ನು ಮೊದಲು ಕಂಡದ್ದು 19ನೆಯ ಶತಮಾನದ ಮಧ್ಯದಲ್ಲಿ, ಲಂಡನ್ ಮೃಗಾಲಯದಲ್ಲಿ ಸತ್ತ ಭಾರತದ ಘೇಂಡಾಮೃಗವೊಂದರಲ್ಲಿ. ಕೊಯ್ದು ನೋಡಿದವರು ರಿಚರ್ಡ್ ಓವೆನ್.) ರಕ್ತದಲ್ಲಿ ಕ್ಯಾಲ್ಸಿಯಂ ತುಸು ಇಳಿದರೂ ಹಾರ್ಮೋನು ಹೊರಡುತ್ತದೆ. ಮೂತ್ರದಲ್ಲಿ ಸೋರುವುದನ್ನು ತಡೆಯುತ್ತದೆ, ಎಲುಬಿನಿಂದ ಬಿಡಿಸುತ್ತದೆ, ಮೂತ್ರಪಿಂಡದಲ್ಲಿ ವಿಟಮಿನ್ ಡಿಯನ್ನು ಚುರುಕುಗೊಳಿಸಿ ಮೇವಿನ ಕ್ಯಾಲ್ಸಿಯಂ ಕರುಳಿಗೆ ಹೆಚ್ಚು ದಕ್ಕುವಂತೆ ಮಾಡುತ್ತದೆ. ಮೊದಲನೆಯದರಿಂದ ಆಕಳಿಗೆ ಉಳಿಯುವುದು ಅಲ್ಪ. ಉಳಿದೆರಡಕ್ಕೆ ಒಂದೆರಡು ದಿನ ಬೇಕು. ನವಿಲುತೀರ್ಥದ ಜಲಾಶಯ ತುಂಬಿದ್ದರೂ ಗೇಟು ಎತ್ತಿದ ಗಳಿಗೆಯಲ್ಲೇ ಕಾಲುವೆಯ ತುದಿಯ ಹೊಲಕ್ಕೆ ನೀರು ಬರುತ್ತದೆಯೇ? ವಯಸ್ಸಾದಂತೆ ಎಲುಬಿನಿಂದ ಬಿಡುಗಡೆ ಇನ್ನೂ ನಿಧಾನ; ಅದಕ್ಕೇ ಮೂರನೆಯ ಸೂಲಿನಿಂದ ಈಚೆಗೆ ಈ ಬೇನೆ ಹೆಚ್ಚು, ಜರ್ಸಿಗಳಲ್ಲಂತೂ ಮತ್ತೂ ಹೆಚ್ಚು. ಹಾಲುಜ್ವರ ಎನ್ನುತ್ತಾರೆ, ಆದರೆ ಮೈ ಬಿಸಿಯಾಗುವುದಿಲ್ಲ. ನಿಮ್ಮ ಆಕಳಿನ ಕಿವಿ ತಣ್ಣಗಿದ್ದದ್ದು ಅದಕ್ಕೇ.

ಗಬ್ಬದ ಕೊನೆಯ ತಿಂಗಳಲ್ಲಿ ಕ್ಯಾಲ್ಸಿಯಂ ಟಾನಿಕ್ಕು ಕುಡಿಸುವವರು ಬಹಳ ಜನ. ಅದು ತಿರುಗಿ ಬೀಳುತ್ತದೆ: ಮೇವಿನಲ್ಲೇ ಧಾರಾಳ ಸಿಕ್ಕಾಗ ಗ್ರಂಥಿಗೆ ಕೆಲಸವಿಲ್ಲ, ಈಯುವ ಹೊತ್ತಿಗೆ ಎಲುಬೂ ಕರುಳೂ ಸಜ್ಜಾಗಿರುವುದಿಲ್ಲ. ಆ ತಿಂಗಳು ಕುದುರೆಮೆಂತೆ ಕಡಿಮೆ ಮಾಡಿ, ಜೋಳದ ಕಣಿಕೆ ಹಾಕಿ. ಮೆಗ್ನೀಸಿಯಂ ಮಾತ್ರ ಕಡಿಮೆಯಾಗಬಾರದು. ಅದಿಲ್ಲದೆ ಹಾರ್ಮೋನು ಸರಿಯಾಗಿ ಕೆಲಸ ಮಾಡದು. ಟಾನಿಕ್ಕು ಬೇಕಿದ್ದರೆ ಈದ ಮೇಲೆ, ಡಾಕ್ಟರನ್ನು ಕೇಳಿ.

ನೆಲ ಹಿಡಿದ ದನಕ್ಕೆ ಬಾಯಿಂದ ಏನನ್ನೂ ಹೊಯ್ಯಬೇಡಿ, ಶ್ವಾಸಕೋಶಕ್ಕೆ ಇಳಿದೀತು. ಬಾಟ್ಲಿಯನ್ನು ಡಾಕ್ಟರು ಹನಿಹನಿಯಾಗಿ ಬಿಡುವಾಗ ‘ಲಗೂ ಮಾಡ್ರಿ’ ಎಂದು ಅವಸರಿಸಲೂ ಬೇಡಿ: ಕ್ಯಾಲ್ಸಿಯಂ ಒಮ್ಮೆಲೇ ನುಗ್ಗಿದರೆ ಗುಂಡಿಗೆ ನಿಲ್ಲುತ್ತದೆ.