ತೋಟದ ಕೆಲಸ ಮತ್ತು ಕಣ್ಣಿನ ರಕ್ಷಣೆ

ಅಡಿಕೆಗೆ ಕೊಳೆ ಬಂದರೆ ನಾವು ಒಂದು ದಿನವೂ ತಡಮಾಡುವುದಿಲ್ಲ. ಕಾಂಡಕೊರಕ ಬಿದ್ದ ಕಾಫಿ ಗಿಡಕ್ಕೆ ಕಂಡ ದಿನವೇ ಗುರುತು ಹಾಕುತ್ತೇವೆ. ಆದರೆ ಕಣ್ಣು ಕೆಂಪಾದರೆ ಮಾತ್ರ ‘ನಾಳೆ ಸರಿಹೋದೀತು’ ಎಂದು ವಾರ ಕಳೆಯುತ್ತೇವೆ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಸೀಮೆಯ ಸಣ್ಣ ಬೆಳೆಗಾರರು ಆಳುಗಳ ಜೊತೆ ತಾವೂ ದುಡಿಯುವವರು. ಆದ್ದರಿಂದ ಕಣ್ಣಿನ ಸಾಮಾನ್ಯ ತೊಂದರೆಗಳನ್ನು, ಅವುಗಳ ಕಾರಣ ಮತ್ತು ಲಕ್ಷಣಗಳನ್ನು ಇಲ್ಲಿ ತಿಳಿಯೋಣ.

೧. ಗರಿ, ಕಡ್ಡಿ ತಗಲಿದಾಗ

ಕಣ್ಣಿನ ಕರಿಗುಡ್ಡೆಯ ಮೇಲೆ ಗಾಜಿನಂಥ ತೆಳು ಪದರವಿದೆ. ಸೋಗೆಯ ತುದಿಯೋ ಕಾಫಿ ರೆಂಬೆಯೋ ತಾಗಿದರೆ ಅದರ ಮೇಲೆ ಕಾಣದಷ್ಟು ಸಣ್ಣ ಗೀರು ಬೀಳುತ್ತದೆ. ಎಲೆ, ಕಡ್ಡಿಗಳ ಮೇಲಿರುವ ಬೂಷ್ಟು ಅಥವಾ ಬ್ಯಾಕ್ಟೀರಿಯಾ ಆ ಗೀರಿನಲ್ಲಿ ಹೊಕ್ಕು ಹುಣ್ಣಾಗುತ್ತದೆ. ಬೂಷ್ಟಿನ ಹುಣ್ಣು ನಿಧಾನವಾಗಿ, ಹಲವು ದಿನಗಳಲ್ಲಿ ಬೆಳೆಯುವುದರಿಂದ ಗೀರು ಬಿದ್ದದ್ದೇ ಮರೆತಿರುತ್ತದೆ. ನೋವು, ನೀರು ಸುರಿಯುವುದು, ಬೆಳಕು ನೋಡಲಾಗದಿರುವುದು, ಕರಿಗುಡ್ಡೆಯ ಮೇಲೆ ಬಿಳಿ ಚುಕ್ಕೆ – ಇವು ಲಕ್ಷಣಗಳು. ಹುಣ್ಣು ಮಾಗಿದರೂ ಬಿಳಿ ಕಲೆ ಉಳಿದು ದೃಷ್ಟಿ ಹೋಗಬಹುದು.

ಈ ಸ್ಥಿತಿಯಲ್ಲಿ ಸೊಪ್ಪಿನ ರಸ, ಎದೆಹಾಲು, ಹರಳೆಣ್ಣೆ ಬಿಡುವುದು ಅಪಾಯ. ಅಂಗಡಿಯಿಂದ ತಾವೇ ತಂದ ಸ್ಟೀರಾಯ್ಡ್ ಹನಿಯೂ ಅಷ್ಟೇ ಅಪಾಯ. ಅದರಿಂದ ಕೆಂಪು ಇಳಿದು ಗುಣವಾದಂತೆ ಕಂಡರೂ ಒಳಗೆ ಬೂಷ್ಟು ಹೆಚ್ಚುತ್ತದೆ.

೨. ಸುಣ್ಣ ಮತ್ತು ಮೈಲುತುತ್ತ

ಶೇಕಡಾ 1ರ ಬೋರ್ಡೋ ದ್ರಾವಣಕ್ಕೆ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ ಎಂಬುದು ನಮಗೆಲ್ಲ ಬಾಯಿಪಾಠ. ಆದರೆ ಸುಣ್ಣ ಕಣ್ಣಿಗೆ ಹಾರಿದರೆ ಮೇಲ್ಪದರದಲ್ಲಿ ನಿಲ್ಲದೆ ಸುಡುತ್ತಾ ಒಳಕ್ಕಿಳಿಯುತ್ತದೆ ಎಂಬುದು ಹಲವರಿಗೆ ತಿಳಿಯದು. ಹಾಗೆ ಆದರೆ ಮೊದಲು ವಾಹನ ಹುಡುಕಬೇಡಿ, ನೀರು ಹುಡುಕಿ. ರೆಪ್ಪೆ ಬಿಡಿಸಿ, ಸುಣ್ಣದ ಹರಳು ಉಳಿಯದಂತೆ ಕನಿಷ್ಠ ಅರ್ಧ ಗಂಟೆ ಶುದ್ಧ ನೀರು ಸುರಿದು ತೊಳೆಯಬೇಕು. ಸುಣ್ಣಕ್ಕೆ ಹುಳಿ ಮದ್ದೆಂದು ನಿಂಬೆರಸ ಬಿಡಲೇಬಾರದು. ತೊಳೆದ ಮೇಲೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ದ್ರಾವಣ ಕಲಸುವ ಜಾಗದಲ್ಲಿ ಎರಡು ಕೊಡ ಶುದ್ಧ ನೀರು ಯಾವಾಗಲೂ ತುಂಬಿರಲಿ.

೩. ಪೊರೆ

ಕಣ್ಣಿನೊಳಗಿನ ಮಸೂರ ವಯಸ್ಸಾದಂತೆ ಮಬ್ಬಾಗುವುದೇ ಪೊರೆ. ನೋವಿಲ್ಲದೆ ನೋಟ ಮಸುಕಾಗುತ್ತದೆ. ಎದುರು ಬರುವ ವಾಹನದ ದೀಪ ಒಡೆದಂತೆ ಕಾಣುತ್ತದೆ. ಇದನ್ನು ಕರಗಿಸುವ ಹನಿ ಇಲ್ಲ, ಶಸ್ತ್ರಚಿಕಿತ್ಸೆಯೇ ದಾರಿ. ಬೀಳಗಿಯಲ್ಲಿ ಜನಿಸಿ, ಊರೂರಿಗೆ ನೇತ್ರಶಿಬಿರ ಒಯ್ದ ಡಾ. ಎಂ. ಸಿ. ಮೋದಿಯವರು (ನಿಧನ 2005) ನಾಡಿನ ಅಸಂಖ್ಯ ಬಡವರ ಪೊರೆ ತೆಗೆದರು. ಆ ಕಾಲದಲ್ಲಿ ಪೊರೆ ತೆಗೆದ ಮೇಲೆ ದಪ್ಪ ಕನ್ನಡಕ ಬೇಕಾಗುತ್ತಿತ್ತು. ಈಗ ಕಣ್ಣಿನೊಳಗೇ ಕೃತಕ ಮಸೂರ ಇಡುತ್ತಾರೆ. ಇಂಥ ಮಸೂರವನ್ನು ಲಂಡನ್ನಿನ ಡಾ. ಹೆರಾಲ್ಡ್ ರಿಡ್ಲಿ ಮೊದಲು ಅಳವಡಿಸಿದ್ದು 1949ರಲ್ಲಿ. ‘ಪೊರೆ ಬಲಿಯಲಿ’ ಎಂದು ಕಾಯುವುದು ಈಗ ಅನಗತ್ಯ. ಅತಿಯಾಗಿ ಬಲಿತರೆ ಕಣ್ಣಿನೊತ್ತಡ ಏರಿ ಕಣ್ಣಿಗೇ ಅಪಾಯವಾಗಬಹುದು.

೪. ಗ್ಲಾಕೋಮಾ

ಇದರಲ್ಲಿ ಸಾಮಾನ್ಯವಾಗಿ ಕಣ್ಣೊಳಗಿನ ಒತ್ತಡ ಹೆಚ್ಚಿ ದೃಷ್ಟಿನರ ಸೊರಗುತ್ತದೆ. ಮೊದಲು ಪಕ್ಕದ ನೋಟ ಹೋಗುವುದರಿಂದ ರೋಗಿಗೆ ಗೊತ್ತಾಗುವುದೇ ಇಲ್ಲ. ಪೊರೆಯಿಂದ ಮರೆಯಾದ ನೋಟ ಮರಳಬಹುದು, ಗ್ಲಾಕೋಮಾದಿಂದ ಹೋದದ್ದು ಮರಳದು. ನಲವತ್ತು ದಾಟಿದವರು, ಅದರಲ್ಲೂ ಮನೆಯಲ್ಲಿ ಯಾರಿಗಾದರೂ ಈ ರೋಗವಿದ್ದವರು, ಕಣ್ಣಿನೊತ್ತಡ ಮತ್ತು ನರದ ಪರೀಕ್ಷೆ ಮಾಡಿಸಬೇಕು.

೫. ಇತರ ತೊಂದರೆಗಳು

ನಲವತ್ತರ ಆಸುಪಾಸಿನಲ್ಲಿ ಪತ್ರಿಕೆ ದೂರ ಹಿಡಿಯುವಂತಾದರೆ ಅದು ಚಾಳೀಸು. ರೋಗವಲ್ಲ, ಕನ್ನಡಕ ಸಾಕು. ಸಕ್ಕರೆ ಕಾಯಿಲೆಯವರ ಅಕ್ಷಿಪಟಲದಲ್ಲಿ ಸದ್ದಿಲ್ಲದೆ ರಕ್ತ ಒಸರಬಹುದು. ನೋಟ ಚೆನ್ನಾಗಿದ್ದರೂ ಅವರು ವರ್ಷಕ್ಕೊಮ್ಮೆ ತೋರಿಸಬೇಕು. ಮಕ್ಕಳು ಮುಸ್ಸಂಜೆಯಲ್ಲಿ ತಡವರಿಸಿದರೆ ‘ಎ’ ಜೀವಸತ್ವದ ಕೊರತೆಯಿಂದ ಬರುವ ಇರುಳುಗಣ್ಣು ಇರಬಹುದು. ವೈದ್ಯರಿಗೆ ತೋರಿಸಿ. ನುಗ್ಗೆಸೊಪ್ಪು, ಪರಂಗಿಹಣ್ಣು, ಮೊಟ್ಟೆ ಊಟದಲ್ಲಿರಲಿ.

ತಡಮಾಡಬಾರದ ಲಕ್ಷಣಗಳು

ಏಕಾಏಕಿ ನೋಟ ಕುಂದುವುದು, ಕಣ್ಣು ಕೆಂಪಾಗಿ ತಲೆನೋವು, ವಾಂತಿ ಬರುವುದು, ಮಿಂಚು ಹೊಡೆದಂತಾಗಿ ಪರದೆ ಇಳಿದಂತಾಗುವುದು, ಕರಿಗುಡ್ಡೆಯ ಮೇಲೆ ಬಿಳಿ ಚುಕ್ಕೆ – ಇವುಗಳಲ್ಲಿ ಒಂದು ಕಂಡರೂ ಅಂದೇ ತಾಲ್ಲೂಕು ಆಸ್ಪತ್ರೆಗೆ ಹೋಗಬೇಕು. ಅಲ್ಲಿ ಸೂಚಿಸಿದರೆ ಚಿಕ್ಕಮಗಳೂರಿಗೋ ಶಿವಮೊಗ್ಗಕ್ಕೋ ಮಣಿಪಾಲಕ್ಕೋ ಹೋಗಲು ಹಿಂದೆಮುಂದೆ ನೋಡಬಾರದು.

ಔಷಧಿ ಹೊಡೆಯುವಾಗ, ಕಳೆಯಂತ್ರ ಓಡಿಸುವಾಗ ಕಣ್ಣಿಗೆ ರಕ್ಷಣಾ ಕನ್ನಡಕ ಬೇಕೇ ಬೇಕು. ಮಳೆಯಲ್ಲಿ ಮಂಜು ಕಟ್ಟುತ್ತದೆ ಎಂಬ ದೂರು ನಿಜ. ಗಾಳಿ ಕಿಂಡಿಯಿರುವುದನ್ನು ಆರಿಸಿ, ಆಗಾಗ ಕೆಳಗಿಳಿದು ಒರೆಸಿಕೊಳ್ಳಲು ಬಿಡುವು ಕೊಡಿ. ಮರ ಹತ್ತುವ ಕೊನೆಗಾರನಿಗೂ ಗಿಡದಡಿ ಬಗ್ಗುವ ಆಳಿಗೂ ಕನ್ನಡಕ ಒದಗಿಸುವುದು ತೋಟದ ಯಜಮಾನನ ಹೊಣೆ. ಪಂಪು, ಪೈಪಿನ ಜೊತೆ ಅದನ್ನೂ ಈ ಮಳೆಗಾಲಕ್ಕೆ ಮುಂಚೆಯೇ ತಂದಿಡೋಣ.