ದೊಡ್ಡ ಮೀಸೆ ಮೀನು ಸಾಕುವವರು ಮಾಡಬೇಕಾದ್ದು, ಮಾಡಬಾರದ್ದು
(ಚಿಕ್ಕಮಗಳೂರು, ಮೂಡಿಗೆರೆ, ಕಳಸದ ತೋಟದ ಮನೆಗಳಿಗೆ)

ಮನೆಯಲ್ಲಿ ರೆಡ್‌ಟೇಲ್, ಟೈಗರ್ ಶವಲ್‌ನೋಸ್‌ನಂಥ ದೊಡ್ಡ ಕ್ಯಾಟ್‌ಫಿಶ್ ಸಾಕಿರುವವರಿಗೂ, ಬೆಂಗಳೂರಿನಿಂದ ಮರಿ ತರಬೇಕೆಂದು ಹೊರಟಿರುವವರಿಗೂ ಈ ಸೂಚನೆ. ಅಂಗಡಿಯವರು ಹೇಳಿಕೊಡುವುದು ಬೆಂಗಳೂರಿನ ನೀರಿಗೆ, ಬೆಂಗಳೂರಿನ ಕರೆಂಟಿಗೆ. ನಮ್ಮ ನೀರು ಬೇರೆ, ಮಳೆ ಬೇರೆ, ತೋಟದ ಕೆಲಸಗಳು ಬೇರೆ. ಈ ಮೀನುಗಳ ಮೈಮೇಲೆ ಹುರುಪೆಯಿಲ್ಲ. ತೆಳ್ಳನೆಯ ಲೋಳೆಯೊಂದೇ ಅವಕ್ಕೆ ರಕ್ಷಣೆ. ನೀರಿಗೆ ಏನು ಬಿದ್ದರೂ ಅದು ನೇರವಾಗಿ ಮೈಗೇ ತಾಗುತ್ತದೆ. ನೋಡಲು ಗಡವ, ಜೀವ ಮಾತ್ರ ಬಹಳ ಸೂಕ್ಷ್ಮ.

ಆರಡಿ ಟ್ಯಾಂಕ್ ಇದೆ ಎಂಬ ಧೈರ್ಯದ ಮೇಲೆ ರೆಡ್‌ಟೇಲ್ ತರಬೇಡಿ. ಅಂಗಡಿಯಲ್ಲಿ ಬೆರಳುದ್ದ ಇರುವ ಮರಿ ಚೆನ್ನಾಗಿ ತಿಂದರೆ ವರ್ಷದೊಳಗೆ ಒಂದಡಿ ಆಗುತ್ತದೆ. ಪೂರ್ತಿ ಬೆಳೆದರೆ ಮೂರಡಿ ದಾಟುತ್ತದೆ. ಆರಡಿ ಉದ್ದ, ಎರಡಡಿ ಅಗಲ, ಎರಡಡಿ ಎತ್ತರದ ಟ್ಯಾಂಕಿನಲ್ಲಿ ಹಿಡಿಯುವುದು ಸುಮಾರು 680 ಲೀಟರ್ ನೀರು. ಎರಡಡಿ ಅಗಲದಲ್ಲಿ ಮೂರಡಿಯ ಮೀನು ತಿರುಗುವುದಾದರೂ ಹೇಗೆ? ಕೊನೆಗೆ ಇದಕ್ಕೆ ಸಿಮೆಂಟ್ ತೊಟ್ಟಿಯೇ ಗತಿ. ತೊಟ್ಟಿಗೆ ಜಾಗ, ದುಡ್ಡು, ಮನಸ್ಸು ಮೂರೂ ಇದ್ದರೆ ಮಾತ್ರ ಮರಿಯನ್ನು ಮುಟ್ಟಿ. 680 ಲೀಟರ್ ಎಂದರೆ ನೀರಿನ ತೂಕವೇ 680 ಕಿಲೋ. ಹಳೇ ಮನೆಯ ಮರದ ಉಪ್ಪರಿಗೆಯ ಮೇಲೆ ಅದನ್ನು ಇಡಲೇಬೇಡಿ.

ಹೊಸ ಸಿಮೆಂಟ್ ತೊಟ್ಟಿಗೆ ಕೂಡಲೇ ಮೀನು ಬಿಡಬೇಡಿ. ಸಿಮೆಂಟಿನ ಸುಣ್ಣ ನೀರಿಗೆ ಇಳಿಯುತ್ತಲೇ ಇರುತ್ತದೆ. ಕೆಲವು ವಾರ ನೀರು ತುಂಬಿಸಿ, ಚೆಲ್ಲಿ, ಮತ್ತೆ ತುಂಬಿಸಿ, ಪಿಎಚ್ ಒಂದೇ ಕಡೆ ನಿಂತ ಮೇಲೆ ಬಿಡಿ.

ಬೋರ್ಡೋ ಕಲಸಿದ ತೊಟ್ಟಿ, ಡ್ರಮ್ಮು, ಬಕೆಟ್ಟು, ಪೈಪು ಯಾವುದೂ ಮೀನಿನ ಹತ್ತಿರ ಬರಬಾರದು. ಎಷ್ಟು ತೊಳೆದರೂ ಸರಿಯೇ, ಬೇಡ. ಈ ಸೂಚನೆಯಲ್ಲಿ ಒಂದೇ ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಕಾಫಿಯ ಎಲೆ ತುಕ್ಕಿಗೆ, ಅಡಿಕೆಯ ಕೊಳೆಗೆ ನಾವು ಹೊಡೆಯುವುದು ಮೈಲುತುತ್ತ ಮತ್ತು ಸುಣ್ಣ. ಮೈಲುತುತ್ತದಲ್ಲಿರುವುದು ತಾಮ್ರ. ನೀರಿನಲ್ಲಿ ಸುಣ್ಣದ ಅಂಶ ಕಡಿಮೆಯಿದ್ದಷ್ಟೂ ತಾಮ್ರ ಮೀನಿಗೆ ಹೆಚ್ಚು ವಿಷ. ನಮ್ಮ ಗುಡ್ಡದ ನೀರಿನಲ್ಲಿ ಸುಣ್ಣದ ಅಂಶ ತೀರಾ ಕಡಿಮೆ.

ನನ್ನ ಐದು ವರ್ಷದ ರೆಡ್‌ಟೇಲ್ ಹೋದದ್ದು ಹೀಗೇ, ಮುಂಗಾರಿನ ಮೊದಲ ವಾರದಲ್ಲಿ. ನಮ್ಮ ಮನೆಗೆ ನೀರು ಬರುವುದು ಮೇಲಿನ ಜರಿಯಿಂದ, ಪೈಪಿನಲ್ಲಿ, ತನ್ನಷ್ಟಕ್ಕೆ ಇಳಿದು. ಜರಿಯ ಪಕ್ಕದ ಅಡಿಕೆಗೆ ಹಿಂದಿನ ದಿನ ಔಷಧಿ ಹೊಡೆದಿದ್ದರು, ರಾತ್ರಿ ಒಂದು ಜೋರು ಮಳೆ ಬಂತು. ಬೆಳಿಗ್ಗೆ ನಾನು ಎಂದಿನಂತೆ ಅರ್ಧ ನೀರು ಬದಲಿಸಿದೆ. ಹತ್ತೂವರೆಗೆ ನೋಡಿದರೆ ಮೀನಿನ ಬೆನ್ನ ಮೇಲೆ ಹಾಲಿನ ಕೆನೆಯಂಥ ಪದರ ಎದ್ದಿತ್ತು. ಮೀಸೆಗಳು ಮುದುರಿಕೊಂಡಿದ್ದವು, ಕಿವಿರು ಪಟಪಟ ಬಡಿಯುತ್ತಿತ್ತು. ನೀರು ಕೆಟ್ಟಿದೆ ಎಂದುಕೊಂಡು ಅದೇ ಪೈಪಿನಿಂದ ಮತ್ತೆ ನೀರು ಬಿಟ್ಟೆ. ಮಧ್ಯಾಹ್ನದ ಊಟದ ಹೊತ್ತಿಗೆ ಅದು ಮಗ್ಗುಲಾಗಿತ್ತು. ಎರಡನೇ ಸಲ ನೀರು ಬಿಡದೇ ಇದ್ದಿದ್ದರೆ ಉಳಿಯುತ್ತಿತ್ತೇನೋ ಎಂಬುದು ಇವತ್ತಿಗೂ ನನ್ನನ್ನು ಕೊರೆಯುತ್ತದೆ.

ಆದ್ದರಿಂದ ಜರಿ ನೀರು, ಹಳ್ಳದ ನೀರು ಬಳಸುವವರು ತಮ್ಮ ತೋಟದ್ದಷ್ಟೇ ಅಲ್ಲ, ಮೇಲಿನ ತೋಟದ ಸ್ಪ್ರೇ ದಿನವನ್ನೂ ಕೇಳಿ ತಿಳಿದಿರಬೇಕು. ಫೋನ್ ಮಾಡಿ ಕೇಳಲು ಸಂಕೋಚ ಪಡಬೇಡಿ. ಸ್ಪ್ರೇ ಶುರುವಾಗುವ ಮೊದಲೇ ಎರಡು ಸಲ ಬದಲಿಸುವಷ್ಟು ನೀರನ್ನು ಬೇರೆ ಸಿಂಟೆಕ್ಸ್‌ನಲ್ಲಿ ಹಿಡಿದು ಮುಚ್ಚಿಡಿ. ಹೊಡೆದ ಮೇಲೆ ನಾಲ್ಕೈದು ಒಳ್ಳೆಯ ಮಳೆ ಬಂದು ಹಳ್ಳ ತೊಳೆದು ಹೋಗುವವರೆಗೆ ಹೊಸ ನೀರು ಬೇಡ. ಆ ದಿನಗಳಲ್ಲಿ ಆಹಾರ ನಿಲ್ಲಿಸಿ. ತಿನ್ನದ ಮೀನು ನೀರು ಕೆಡಿಸುವುದು ಕಡಿಮೆ. ಸ್ಪ್ರೇ ಮುಗಿಸಿ ಬಂದವರು ಸ್ನಾನ ಮಾಡದೆ ಟ್ಯಾಂಕಿಗೆ ಕೈ ಹಾಕಬಾರದು.

ಡಿಸೆಂಬರಿನಿಂದ ಫೆಬ್ರವರಿವರೆಗೆ ಇದೇ ಎಚ್ಚರ ಪಲ್ಪರ್ ನೀರಿನ ಬಗ್ಗೆಯೂ ಇರಲಿ. ಹಣ್ಣು ಪಲ್ಪ್ ಮಾಡಿದ ನೀರು ಹುಳಿಯಾಗಿ ಕೊಳೆಯುತ್ತದೆ. ಹಳ್ಳಕ್ಕೆ ಸೇರಿದರೆ ಅಲ್ಲಿನ ಆಮ್ಲಜನಕವನ್ನೆಲ್ಲ ನುಂಗುತ್ತದೆ. ವಾಸನೆ ಬಂದ ನೀರನ್ನು ಟ್ಯಾಂಕಿಗೆ ಬಿಡಬೇಡಿ. ಹಳ್ಳಕ್ಕೆ ಬಿಡುವುದೇ ತಪ್ಪು ಎಂಬುದನ್ನು ತೋಟದವರಿಗೆ ನಾನು ಹೇಳಿಕೊಡಬೇಕಾಗಿಲ್ಲ.

ಬಾವಿ ನೀರಿನವರಿಗೆ: ಮಳೆಗಾಲದಲ್ಲಿ ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕಿದರೆ ಆ ನೀರನ್ನು ತಕ್ಷಣ ಮುಟ್ಟಬೇಡಿ. ಪೇಟೆಯ ನಲ್ಲಿ ನೀರನ್ನೂ ಕ್ಲೋರಿನ್ ಹೋಗುವ ಔಷಧಿ ಹಾಕದೆ ಬಿಡಬೇಡಿ.

ವಾರಕ್ಕೊಮ್ಮೆ ಮೂರನೇ ಒಂದು ಭಾಗ ನೀರು ಬದಲಿಸಿ. ತಪ್ಪಿಸಿದ ತಿಂಗಳ ಬಾಕಿಯನ್ನು ಒಂದೇ ದಿನ ತೀರಿಸಲು ಹೋಗಬೇಡಿ. ಸುಣ್ಣದ ಅಂಶವಿಲ್ಲದ ನೀರಿನಲ್ಲಿ ಪಿಎಚ್ ದಿನದಿನಕ್ಕೆ ಇಳಿಯುತ್ತದೆ. 6ಕ್ಕಿಂತ ಕೆಳಗೆ ಹೋದರೆ ಫಿಲ್ಟರಿನ ಬ್ಯಾಕ್ಟೀರಿಯಾ ಮಂಕಾಗಿ, ಕೊಳೆ ಅಮೋನಿಯಂ ರೂಪದಲ್ಲಿ ಕೂಡಿಕೊಳ್ಳುತ್ತದೆ. ಆ ರೂಪದಲ್ಲಿ ಅದರ ವಿಷ ಕಡಿಮೆ, ಹಾಗಾಗಿ ಮೀನು ಸುಮ್ಮನೆ ಇರುತ್ತದೆ, ನಮಗೆ ಗೊತ್ತೇ ಆಗುವುದಿಲ್ಲ. ಒಮ್ಮೆಲೇ ಮುಕ್ಕಾಲು ಭಾಗ ಹೊಸ ನೀರು ಬಿಟ್ಟು ಪಿಎಚ್ ಏರಿತೆನ್ನಿ, ಉಳಿದದ್ದು ಅಮೋನಿಯಾ ಆಗಿ ಕಿವಿರನ್ನು ಸುಡುತ್ತದೆ. ಫಿಲ್ಟರಿನೊಳಗೆ ಬಟ್ಟೆ ಚೀಲದಲ್ಲಿ ಒಂದೆರಡು ಹಿಡಿ ತೊಳೆದ ಕಪ್ಪೆಚಿಪ್ಪು ಇಡಿ, ಪಿಎಚ್ ಜಾರುವುದು ನಿಧಾನವಾಗುತ್ತದೆ. ಪಿಎಚ್ ಮತ್ತು ಅಮೋನಿಯಾ ಕಿಟ್ ಎರಡೂ ಮನೆಯಲ್ಲಿರಲೇಬೇಕು.

ಕರೆಂಟ್ ಹೋಗುವುದನ್ನು ಲೆಕ್ಕಕ್ಕೆ ಹಿಡಿದೇ ಮೀನು ಸಾಕಿ. ಹೆಬ್ಬಾಳೆ ಸೇತುವೆಯ ಮೇಲೆ ಭದ್ರೆ ಹರಿಯುವ ದಿನಗಳಲ್ಲಿ ಕಳಸ, ಹೊರನಾಡಿನ ಕಡೆ ಲೈನ್ ಯಾವಾಗ ಸರಿಯಾದೀತು ಎಂದು ಯಾರೂ ಹೇಳಲಾರರು. ಬ್ಯಾಟರಿಯಲ್ಲಿ ನಡೆಯುವ ಏರ್ ಪಂಪ್ ಎರಡು ಇರಲಿ. ಇನ್ವರ್ಟರಿನಲ್ಲಿ ಟಿವಿಗಿಂತ ಮೊದಲು ಪಂಪಿಗೆ ಜಾಗ. ಮಳೆ ಹಿಡಿಯುವ ಸೂಚನೆ ಸಿಕ್ಕ ದಿನವೇ ಆಹಾರ ನಿಲ್ಲಿಸಿ. ದೊಡ್ಡ ಮೀನು ವಾರ, ಹತ್ತು ದಿನ ಉಪವಾಸ ಇದ್ದರೆ ಏನೂ ಆಗುವುದಿಲ್ಲ.

ಕ್ಯಾನಿಸ್ಟರ್ ಫಿಲ್ಟರ್ ಅರ್ಧ ದಿನ ನಿಂತಿದ್ದರೆ, ಕರೆಂಟ್ ಬಂದ ಕೂಡಲೇ ಆನ್ ಮಾಡಬೇಡಿ. ಒಳಗಿನ ನೀರು ಕೊಳೆತು ಮೊಟ್ಟೆ ನಾತ ಹಿಡಿದಿರುತ್ತದೆ. ಬಿಚ್ಚಿ, ಟ್ಯಾಂಕಿನ ನೀರಿನಲ್ಲೇ ಜಾಲಿಸಿ, ಆಮೇಲೆ ಹಾಕಿ.

ಚಳಿಗೆ ಹೀಟರ್ ಬೇಕೇ ಬೇಕು. ಅಮೆಜಾನಿನ ಈ ಮೀನುಗಳಿಗೆ 24ರಿಂದ 28 ಡಿಗ್ರಿ ಹಿತ. ನಮ್ಮ ಜನವರಿ ರಾತ್ರಿಗಳು ಅದಕ್ಕಿಂತ ಬಹಳ ಕೆಳಗೆ ಇಳಿಯುತ್ತವೆ. ಆದರೆ ಕವಚವಿಲ್ಲದ ಹೀಟರ್ ಹಾಕಬೇಡಿ. ಮೀನು ಅದಕ್ಕೇ ಒರಗಿ ಮಲಗಿ ಹೊಟ್ಟೆ ಸುಟ್ಟುಕೊಳ್ಳುತ್ತದೆ. ರಾತ್ರಿ ಕರೆಂಟ್ ಇಲ್ಲದಿದ್ದರೆ ಟ್ಯಾಂಕಿನ ಮೂರು ಕಡೆಗೂ ಕಂಬಳಿ ಸುತ್ತಿ.

ದಿನಾ ಊಟ ಹಾಕಬೇಡಿ. ಬೆಳೆದ ಮೀನಿಗೆ ವಾರಕ್ಕೆರಡು ಸಲ ಸಾಕು. ಮುಳುಗುವ ಪೆಲೆಟ್, ಸಿಗಡಿ, ಮುಳ್ಳು ತೆಗೆದ ಸಮುದ್ರ ಮೀನಿನ ತುಂಡು, ಹೀಗೆ ಬದಲಿಸುತ್ತಾ ಹಾಕಿ. ಬೂತಾಯಿ ಒಂದನ್ನೇ ತಿಂಗಳುಗಟ್ಟಲೆ ಹಾಕಿದರೆ ಬಿ1 ವಿಟಮಿನ್ ಕೊರತೆ ಬರುತ್ತದೆ. ದನದ ಮಾಂಸ, ಕೋಳಿ ಕೊಬ್ಬು ಬೇಡ. ಹಳ್ಳದಲ್ಲಿ ಹಿಡಿದ ಜೀವಂತ ಮರಿಮೀನು ಬೇಡ, ಅವುಗಳ ಜೊತೆ ಹುಳವೂ ಬರುತ್ತದೆ. ಬಾಯಿಗೆ ಹಿಡಿಸುವ ಯಾವ ಮೀನನ್ನೂ ಜೊತೆಗೆ ಬಿಡಬೇಡಿ, ನುಂಗುತ್ತದೆ. ಸ್ವಲ್ಪ ದೊಡ್ಡದಾದರೆ ಗಂಟಲಿಗೆ ಸಿಕ್ಕಿ ಎರಡೂ ಸಾಯುತ್ತವೆ. ಸಣ್ಣ ಕಲ್ಲನ್ನೂ ನುಂಗುತ್ತದೆ. ತಳಕ್ಕೆ ನಯವಾದ ಮರಳು ಹಾಕಿ, ಇಲ್ಲವೇ ಬರಿದೇ ಬಿಡಿ.

ಕಾಯಿಲೆ ಬಂದರೆ ಮೊದಲ ಔಷಧಿ ಒಳ್ಳೆಯ ನೀರು. ತಾಮ್ರವಿರುವ ಔಷಧಿ ಬೇಡವೇ ಬೇಡ. ಮಲಕೈಟ್ ಗ್ರೀನ್, ಫಾರ್ಮಲಿನ್‌ನಂಥವನ್ನು ಬಾಟಲಿಯ ಮೇಲೆ ಬರೆದ ಪ್ರಮಾಣದ ಅರ್ಧದಿಂದ ಶುರುಮಾಡಿ.

ಕತ್ತಲಲ್ಲಿ ಟ್ಯಾಂಕಿನ ದೀಪ ತಟ್ಟನೆ ಹಾಕಬೇಡಿ. ಮೊದಲು ಕೋಣೆಯದು, ಹತ್ತು ನಿಮಿಷ ಬಿಟ್ಟು ಟ್ಯಾಂಕಿನದು. ಬೆಚ್ಚಿದ ಮೀನು ಗಾಜಿಗೆ ಮೂತಿ ಬಡಿದುಕೊಳ್ಳುತ್ತದೆ. ಬಲೆಯಲ್ಲಿ ಹಿಡಿಯಲೇಬೇಡಿ, ರೆಕ್ಕೆಯ ಮುಳ್ಳು ಸಿಕ್ಕಿಕೊಂಡು ಮುರಿಯುತ್ತದೆ. ಪ್ಲಾಸ್ಟಿಕ್ ಟಬ್ಬಿನಲ್ಲಿ ನೀರಿನ ಸಮೇತ ಎತ್ತಿ, ಇಬ್ಬರು ಹಿಡಿಯಿರಿ.

ನದಿಯಿಂದ ತರಬೇಡಿ, ನದಿಗೆ ಬಿಡಬೇಡಿ. ಮೊದಲ ಮಳೆಗೆ ಹತ್ತುಮೀನು ಏರುವಾಗ ಬಾಳೆ ಮರಿ ಸಿಕ್ಕಿತೆಂದು ಟ್ಯಾಂಕಿಗೆ ಹಾಕುವವರಿದ್ದಾರೆ. ಬಾಳೆಯೂ ಮೀಟರ್ ಮೀರಿ ಬೆಳೆಯುವ ಬೇಟೆಗಾರ, ಈಗ ಅಪಾಯದಂಚಿನ ಪಟ್ಟಿಯಲ್ಲಿದೆ. ಅದು ಹೊಳೆಯಲ್ಲೇ ಇರಲಿ. ಸಾಕಲಾಗದ ರೆಡ್‌ಟೇಲನ್ನು ಭದ್ರೆಗೋ ಹೇಮಾವತಿಗೋ ಬಿಟ್ಟರೆ ಪುಣ್ಯ ಬರುವುದಿಲ್ಲ. 2018ರ ಪ್ರವಾಹದ ನಂತರ ಕೇರಳದ ನದಿಗಳಲ್ಲಿ ಅರಪೈಮ, ಅಲಿಗೇಟರ್ ಗಾರ್‌ನಂಥ ಸಾಕುಮೀನುಗಳು ಬಲೆಗೆ ಬಿದ್ದವು. ನಮ್ಮ ತೊಟ್ಟಿಗಳೂ ಹಳ್ಳದ ದಂಡೆಯಲ್ಲೇ ಇವೆ. ತೊಟ್ಟಿಯ ಕಟ್ಟೆ ಪ್ರವಾಹದ ಮಟ್ಟಕ್ಕಿಂತ ಮೇಲಿರಲಿ, ಮೇಲೆ ಗಟ್ಟಿ ಜಾಲರಿ ಇರಲಿ, ನೀರು ಹೊರಹೋಗುವ ಪೈಪಿನ ಬಾಯಿಗೂ ಜಾಲರಿ ಕಟ್ಟಿ. ಸಾಕಲಾಗದಿದ್ದರೆ ಕೊಂಡ ಅಂಗಡಿಗೇ ಮರಳಿಸಿ, ಇಲ್ಲವೇ ದೊಡ್ಡ ತೊಟ್ಟಿಯಿರುವ ಸಾಕಣೆದಾರರಿಗೆ ಕೊಡಿ. ವಾಪಸ್ ತೆಗೆದುಕೊಳ್ಳುತ್ತೀರಾ ಎಂದು ಮರಿ ಕೊಳ್ಳುವ ದಿನವೇ ಅಂಗಡಿಯವರನ್ನು ಕೇಳಿ. ಇಲ್ಲ ಎಂದರೆ ಬರಿಗೈಯಲ್ಲಿ ಬಸ್ ಹತ್ತಿ.